ಕಲ್ಲು ಒಡೆದ ಮೇಲೆ ಬಂದ ಬೇರೆ ನೋವು

ಕಿಡ್ನಿ ಕಲ್ಲಿನ ನೋವು ಬಂದವರು ಒಂದು ಕಡೆ ಮಲಗುವುದಿಲ್ಲ. ಏಳುತ್ತಾರೆ, ಕೂರುತ್ತಾರೆ, ಸೊಂಟ ಹಿಡಿದುಕೊಂಡು ವಾರ್ಡಿನ ತುಂಬ ಓಡಾಡುತ್ತಾರೆ. ಮೂತ್ರರೋಗ ತಜ್ಞನಾಗಿ ಇದನ್ನು ದಿನಾ ನೋಡುತ್ತೇನೆ. ಆದರೆ ಆ ರಾತ್ರಿ ನಾನು ಹೋದಾಗ ಆ ಹಿರಿಯರು ಅಲ್ಲಾಡದೆ ಮಲಗಿದ್ದರು. ಕೆಮ್ಮುವುದಕ್ಕೂ ಹೆದರುತ್ತಿದ್ದರು. ಅದನ್ನು ನೋಡಿಯೇ ನನ್ನ ಎದೆ ಧಸಕ್ಕೆಂದಿತು.

ಅವರು ಹಾವೇರಿ ಕಡೆಯ ರೈತರು. ವಯಸ್ಸು ಅರವತ್ತರ ಆಸುಪಾಸು. ಎಡ ಕಿಡ್ನಿಯಲ್ಲಿ 13 ಮಿಲಿಮೀಟರ್ ಕಲ್ಲಿತ್ತು. ಆಪರೇಷನ್ ಬೇಡ ಅಂತ ಹಟ ಹಿಡಿದಿದ್ದರು. ಶಾಕ್ ವೇವ್ ಅಂದಾಗ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದರು: "ಕರೆಂಟ್ ಕೊಡ್ತೀರೇನ್ರಿ?" ಕರೆಂಟ್ ಅಲ್ಲ, ಒತ್ತಡದ ಅಲೆ ಅಂತ ವಿವರಿಸಿದೆ. ಮೈ ಹೊರಗಿಂದ ಬಿಟ್ಟ ಅಲೆ ಚರ್ಮ, ಮಾಂಸ ದಾಟಿಕೊಂಡು ಹೋಗಿ ಕಲ್ಲಿನ ಮೇಲೆ ಒಂದೇ ಜಾಗದಲ್ಲಿ ಬಡಿಯುತ್ತದೆ. ಕಲ್ಲು ಒಡೆದು, ಚೂರುಗಳು ಮೂತ್ರದ ಜೊತೆ ಇಳಿದು ಹೋಗುತ್ತವೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಇದನ್ನು ಕೊಟ್ಟಾಗ ನೀರಿನ ತೊಟ್ಟಿಯೊಳಗೆ ಇಳಿಸಬೇಕಾಗಿತ್ತು. ಈಗ ಜೆಲ್ ಹಚ್ಚಿ, ನೀರು ತುಂಬಿದ ಮೆತ್ತೆ ತಾಗುವ ಹಾಗೆ ಮಲಗಿಸಿದರೆ ಸಾಕು. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ, ಅಷ್ಟೇ.

ಅವರಿಗೆ ಅಷ್ಟೇ ಆಗಲಿಲ್ಲ. ಶಾಕ್ ಕೊಟ್ಟ ದಿನವೇ ಸಂಜೆ ಏಳಕ್ಕೆ ಸಿಸ್ಟರ್ ಫೋನ್ ಮಾಡಿ ನೋವು ಜಾಸ್ತಿ ಇದೆ ಅಂದರು. ಚೂರು ಇಳಿಯುತ್ತಿರಬಹುದು ಅಂದುಕೊಂಡು ಫೋನಿನಲ್ಲೇ ಇಂಜೆಕ್ಷನ್ ಹೇಳಿದೆ. ಆಗಲೇ ಎದ್ದು ಹೋಗಬೇಕಿತ್ತು. ಒಂಬತ್ತಕ್ಕೆ ಮತ್ತೆ ಫೋನ್ ಬಂತು. ನಾಡಿ 118, ಬಿಪಿ ಇಳಿಯುತ್ತಿತ್ತು. ಬೆಳಿಗ್ಗೆ 13 ಇದ್ದ ಹಿಮೋಗ್ಲೋಬಿನ್ 9ಕ್ಕೆ ಬಂದಿತ್ತು. ಸ್ಕ್ಯಾನ್‌ನಲ್ಲಿ ಕಿಡ್ನಿಯ ಸುತ್ತ ಬಿದಿಗೆ ಚಂದ್ರನ ಹಾಗೆ ರಕ್ತ ಕಟ್ಟಿಕೊಂಡಿತ್ತು. ಕಿಡ್ನಿಗೂ ಅದರ ಮೇಲಿನ ತೆಳು ಪೊರೆಗೂ ನಡುವೆ ರಕ್ತ ತುಂಬಿತ್ತು. ಪೊರೆ ಹಿಗ್ಗಿದ್ದಕ್ಕೇ ಬಿಡುವಿಲ್ಲದ ಆ ನೋವು. ತೊಂದರೆ ಕೊಡುವ ಮಟ್ಟದ ಇಂಥ ರಕ್ತಸ್ರಾವ ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲ. ಆದರೆ ಆದವರಿಗೆ ಆ ಲೆಕ್ಕದಿಂದ ಏನು ಸಮಾಧಾನ?

ಎರಡು ಬಾಟಲಿ ರಕ್ತ ಕೊಟ್ಟೆವು. ಹಾಸಿಗೆ ಬಿಟ್ಟು ಏಳಬಾರದು ಅಂದೆವು. ನಾಡಿ, ಬಿಪಿ, ಹಿಮೋಗ್ಲೋಬಿನ್ ಮತ್ತೆ ಮತ್ತೆ ನೋಡುತ್ತಾ ಕೂತೆವು. ಇಂಥ ಹೊತ್ತಲ್ಲಿ ಕತ್ತಿ ಹಿಡಿಯುವ ಆತುರ ಬೇಡ. ಪೊರೆಯ ಒತ್ತಡಕ್ಕೇ ರಕ್ತ ನಿಲ್ಲುವುದು ಜಾಸ್ತಿ. ತೆರೆದರೆ ಆ ಒತ್ತಡ ಹೋಗಿಬಿಡುತ್ತದೆ, ಕಿಡ್ನಿಯನ್ನೇ ತೆಗೆಯಬೇಕಾದ ಪರಿಸ್ಥಿತಿ ಬರಬಹುದು. ನಿಲ್ಲದಿದ್ದರೆ ತೊಡೆಯ ರಕ್ತನಾಳದಿಂದ ತೆಳು ಕೊಳವೆ ಹಾಕಿ, ಸೋರುವ ನಾಳವನ್ನು ಮುಚ್ಚುವ ದಾರಿ ಇದೆ. ಅದಕ್ಕೂ ತಯಾರಿ ಮಾಡಿಟ್ಟಿದ್ದೆವು. ಬೆಳಗಿನ ಜಾವ ನಾಡಿ ನೂರಕ್ಕಿಂತ ಕೆಳಗೆ ಬಂತು.

ಯಾಕೆ ಹೀಗಾಯಿತು? ಹಿಂದಿನ ದಿನ ನಾನೇ ಕೇಳಿದ್ದೆ, "ರಕ್ತ ತೆಳುವಾಗೋ ಮಾತ್ರೆ ತಗೋತೀರಾ?" ಅಂತ. "ಇಲ್ರೀ ಸಾಹೇಬ್ರ, ಅಂಥಾದ್ದೇನೂ ಇಲ್ರಿ" ಅಂದಿದ್ದರು. ಬೆಳಿಗ್ಗೆ ಅವರ ಹೆಂಡತಿ ಕೈಚೀಲ ಬಿಚ್ಚಿ ಮಾತ್ರೆಗಳನ್ನು ತೋರಿಸಿದರು. ಅದರಲ್ಲಿ ಆಸ್ಪಿರಿನ್ ಇತ್ತು. ಅವರ ಬಾಯಲ್ಲಿ ಅದು "ಎದಿ ಗುಳಿಗಿ". ಅವರು ಸುಳ್ಳು ಹೇಳಿರಲಿಲ್ಲ. ನಾನು ಅವರ ಮಾತಿನಲ್ಲಿ ಕೇಳಿರಲಿಲ್ಲ. ಇನ್ನೊಂದು ತಪ್ಪು ಪೂರ್ತಿ ನನ್ನದೇ. ಟೇಬಲ್ ಮೇಲೆ ಮಲಗಿಸಿದಾಗ ಬಿಪಿ 160/100 ಇತ್ತು. ಹೆದರಿಕೆಗೆ ಏರಿರಬೇಕು ಅಂತ ಮುಂದುವರಿಸಿದ್ದೆ. ಹತೋಟಿಯಲ್ಲಿಲ್ಲದ ಬಿಪಿ ಇದ್ದರೆ ಕಿಡ್ನಿ ಸುತ್ತ ರಕ್ತ ಕಟ್ಟುವ ಸಾಧ್ಯತೆ ಹೆಚ್ಚು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಅಲ್ಲಿಂದ ಮುಂದೆ ನಾನು ಮಾತ್ರೆಯ ಹೆಸರು ಕೇಳುವುದನ್ನು ಬಿಟ್ಟೆ. "ಮನೆಯಲ್ಲಿ ಇರೋ ಗುಳಿಗೆ ಎಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ" ಅನ್ನುತ್ತೇನೆ. ಮೊಣಕಾಲು ನೋವಿನ ಮಾತ್ರೆ, ನಾಟಿ ಔಷಧಿ ಯಾವುದೂ ಬಿಡುವ ಹಾಗಿಲ್ಲ. ಆಸ್ಪಿರಿನ್ ಸಿಕ್ಕರೆ ನಾನೇ ನಿಲ್ಲಿಸುವುದಿಲ್ಲ, ಹೃದಯದ ಡಾಕ್ಟರನ್ನು ಕೇಳುತ್ತೇನೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಕಿಡ್ನಿ ಉಳಿದು ಹೃದಯಕ್ಕೆ ಕುತ್ತು ಬರಬಹುದು. ನಿಲ್ಲಿಸಲು ಆಗುವುದೇ ಇಲ್ಲ ಅಂದರೆ ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಲೇಸರ್‌ನಿಂದ ಕಲ್ಲು ಒಡೆಯಬಹುದು. ಬಿಪಿ ಇಳಿಯದಿದ್ದರೆ ಆ ದಿನ ಶಾಕ್ ಇಲ್ಲ. ದೂರದ ಊರಿಂದ ಬಸ್ ಹಿಡಿದು ಬಂದವರನ್ನು ವಾಪಸ್ ಕಳಿಸಲು ಸಂಕಟವಾಗುತ್ತದೆ, ಆದರೂ ಕಳಿಸುತ್ತೇನೆ.

ಹೊಡೆತ ಕೊಡುವ ರೀತಿಯನ್ನೂ ಬಿಗಿ ಮಾಡಿದ್ದೇವೆ. ಮೊದಲು ಸ್ವಲ್ಪ ಹೊಡೆತ ಕಡಿಮೆ ಶಕ್ತಿಯಲ್ಲಿ ಕೊಟ್ಟು, ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ಮೆಲ್ಲಗೆ ಏರಿಸುತ್ತೇವೆ. ಆ ಬಿಡುವಿನಲ್ಲಿ ಕಿಡ್ನಿಯ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಹಂದಿಗಳ ಮೇಲಿನ ಪ್ರಯೋಗಗಳಲ್ಲಿ ಹೀಗೆ ಮಾಡಿದಾಗ ಗಾಯ ಬಹಳ ಕಡಿಮೆಯಾಗಿತ್ತು. ನಿಮಿಷಕ್ಕೆ 120ರ ಬದಲು 60 ಹೊಡೆತ ಕೊಟ್ಟರೆ ಕಲ್ಲೂ ಚೆನ್ನಾಗಿ ಒಡೆಯುತ್ತದೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ತೊಂದರೆಗೆ ಸ್ಟೈನ್‌ಸ್ಟ್ರಾಸೆ ಅನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಕಲ್ಲಿನ ಬೀದಿ ಅಂತ ಅರ್ಥ. ಒಡೆದ ಚೂರುಗಳು ಮೂತ್ರನಾಳದಲ್ಲಿ ಸಾಲಾಗಿ ನಿಂತುಬಿಡುತ್ತವೆ. ಇದು ಅಷ್ಟೇನೂ ಅಪರೂಪವಲ್ಲ. ಆದರೆ ಜೊತೆಗೆ ಚಳಿ ಜ್ವರ ಬಂದರೆ ಬಾಳೆದಿಂಡಿನ ರಸ ಕುಡಿಯುತ್ತಾ ಕಾಯಬೇಡಿ. ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಕುತ್ತು ಬರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ. ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ, ಮೇದೋಜೀರಕ ಗ್ರಂಥಿ, ಕರುಳಿಗೆ ಪೆಟ್ಟಾದ ಪ್ರಕರಣಗಳನ್ನು ನಾನು ಓದಿದ್ದೇನೆ, ನೋಡಿಲ್ಲ. ಆದರೂ ಎಡಗಡೆ ಶಾಕ್ ಆದವರು ಎಡ ಭುಜ ನೋಯುತ್ತದೆ ಅಂದರೆ ಗುಲ್ಮವನ್ನು ಸ್ಕ್ಯಾನ್ ಮಾಡಿಯೇ ಮಾಡುತ್ತೇನೆ.

ಆ ಹಿರಿಯರು ಒಂಬತ್ತನೇ ದಿನ ಮನೆಗೆ ಹೋದರು. ಕಟ್ಟಿದ ರಕ್ತ ಪೂರ್ತಿ ಕರಗಲು ಐದು ತಿಂಗಳು ಬೇಕಾಯಿತು. ಉಳಿದಿದ್ದ ಒಂದು ಚೂರನ್ನು ಆಮೇಲೆ ದುರ್ಬೀನಿನಿಂದ ತೆಗೆದೆ. ಕಟ್ಟಿದ ರಕ್ತ ಹೀಗೆ ಒತ್ತಿದ ಕಿಡ್ನಿ ಮುಂದೆ ಬಿಪಿ ಏರಿಸುವುದುಂಟು. ಹಾಗಾಗಿ ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದೇನೆ. ತಪ್ಪದೆ ಬರುತ್ತಾರೆ. ಬಂದ ಕೂಡಲೇ ಗುಳಿಗೆಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಆಮೇಲೆ ಕೂರುತ್ತಾರೆ.