ಸರಳಿಗೆ ಥ್ರೆಡ್ ಹಾಕುವ ಮೊದಲು ಅರ ಹಿಡಿಯಿರಿ

ಗೇಟಿನ ಬೋಲ್ಟು ತುಂಡಾಗುತ್ತದೆ, ಶೀಟಿನ ಮಾಡಿಗೆ ಉದ್ದದ ಜೆ ಹುಕ್ ಬೇಕಾಗುತ್ತದೆ, ಅಂಗಡಿಯಲ್ಲಿ ನಮ್ಮ ಅಳತೆಯದು ಸಿಗುವುದಿಲ್ಲ. ಮನೆಯಲ್ಲಿ ಒಂದು ಬೆಂಚ್ ವೈಸ್, ಸರಿಯಾದ ಡೈ (ಸರಳಿನ ಮೈಮೇಲೆ ಥ್ರೆಡ್ ಕೊರೆಯುವ ಹಲ್ಲಿನ ಬಿಲ್ಲೆ), ಅದರ ಹ್ಯಾಂಡಲ್ ಇದ್ದರೆ ಸರಳಿಗೆ ಥ್ರೆಡ್ ಹಾಕುವುದು ನಾವೇ ಮಾಡಿಕೊಳ್ಳಬಹುದಾದ ಕೆಲಸ. ಹೆಚ್ಚಿನವರು ಸರಳನ್ನು ಕತ್ತರಿಸಿದವರೇ ಡೈ ಇಟ್ಟು ತಿರುಗಿಸಲು ಶುರು ಮಾಡುತ್ತಾರೆ. ಥ್ರೆಡ್ ಸೊಟ್ಟಗಾದರೆ ಡೈಯನ್ನು ಬೈಯುತ್ತಾರೆ. ಈ ಕೆಲಸದ ಮುಕ್ಕಾಲು ಪಾಲು ಡೈ ಮುಟ್ಟುವ ಮೊದಲೇ ಮುಗಿದಿರಬೇಕು.

ಮೊದಲು ಸರಳನ್ನು ನೋಡಿ ತನ್ನಿ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಸೂತಿನ ಲೆಕ್ಕ ಹೋಗಿಲ್ಲ, ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ಮೂರು ಸೂತಿನ ಸರಳೆಂದರೆ ಸುಮಾರು 9.5 ಮಿ.ಮೀ. ಅದರ ಮೇಲೆ ಎಂ10 ಡೈ (10 ಮಿ.ಮೀ. ದಪ್ಪದ ಥ್ರೆಡ್ಡಿನದು) ಓಡಿಸಿದರೆ ಥ್ರೆಡ್ಡಿನ ತುದಿ ತುಂಬುವುದಿಲ್ಲ, ನಟ್ಟು ಗಡಗಡ ಎನ್ನುತ್ತದೆ. ನಾಲ್ಕು ಸೂತು 12.7 ಮಿ.ಮೀ., ಅದು ಎಂ12 ಡೈಗೆ ದಪ್ಪ. ಹಳೆಯ ಡಬ್ಬಿಯಲ್ಲಿ ಬಿದ್ದಿರುವ ಇಂಚಿನ ನಟ್ಟುಗಳನ್ನೂ ನಂಬಬೇಡಿ: ಅರ್ಧ ಇಂಚಿನ ಹಳೆಯ ವಿಟ್ವರ್ತ್ (ಬ್ರಿಟಿಷ್ ಇಂಚಿನ ಲೆಕ್ಕದ) ನಟ್ಟಿನಲ್ಲಿ ಇಂಚಿಗೆ 12 ಎಳೆ, ಎಂ12ರಲ್ಲಿ ಹದಿನಾಲ್ಕೂವರೆ. ಎರಡಕ್ಕೂ ಎಂದೂ ಹೊಂದುವುದಿಲ್ಲ. ಮಿಲಿಮೀಟರಿನ ಬ್ರೈಟ್ ಬಾರ್, ಅಂದರೆ ಹೊಳಪು ಮೈಯ ನಯವಾದ ಸರಳು, ಕೇಳಿ ತೆಗೆದುಕೊಳ್ಳಿ. ಕಪ್ಪು ಸರಳಿನ ಮೈಮೇಲಿನ ಪೊರೆ ಡೈಯ ಹಲ್ಲನ್ನು ತಿನ್ನುತ್ತದೆ, ಅದನ್ನೇ ಬಳಸಬೇಕಿದ್ದರೆ ಪೊರೆಯನ್ನು ಅರದಿಂದ ಪೂರ್ತಿ ತೆಗೆಯಿರಿ. ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಯಂತೂ ಬೇಡವೇ ಬೇಡ. ಕಾರ್ಖಾನೆಯಲ್ಲಿ ನೀರು ಹಾಯಿಸಿ ತಣಿಸಿದ ಅದರ ಹೊರಮೈ ಗಟ್ಟಿ, ಮೇಲೆ ಏಣುಗಳು ಬೇರೆ.

ಇನ್ನು ಅಳತೆ. ಸರಳು ಡೈಯ ಹೆಸರಿನ ಅಳತೆಗಿಂತ ಕೂದಲೆಳೆಯಷ್ಟು ಸಣ್ಣದಿರಬೇಕು, ಏಕೆಂದರೆ ಕತ್ತರಿಸುವಾಗ ಲೋಹ ಸ್ವಲ್ಪ ಉಬ್ಬುತ್ತದೆ. ಪಿಚ್ಚಿನ, ಅಂದರೆ ಒಂದು ಎಳೆಯಿಂದ ಪಕ್ಕದ ಎಳೆಗಿರುವ ದೂರದ, ಹತ್ತನೇ ಒಂದು ಭಾಗ ಕಳೆಯುವುದು ಒಳ್ಳೆಯ ಲೆಕ್ಕ. ಎಂ8ಕ್ಕೆ ಸಾಮಾನ್ಯ ಪಿಚ್ 1.25, ಸರಳು 7.87 ಮಿ.ಮೀ. ಹತ್ತಿರ ಇರಲಿ. ಎಂ10ಕ್ಕೆ ಪಿಚ್ 1.5, ಸರಳು 9.85. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿ, ಹೆಚ್ಚಿದ್ದರೆ ಥ್ರೆಡ್ ಬೇಕಾದಷ್ಟು ಉದ್ದಕ್ಕೆ ನಯವಾದ ಅರದಿಂದ ಸುತ್ತಲೂ ಸಮನಾಗಿ ಉಜ್ಜಿ ಇಳಿಸಿ. ಆಮೇಲೆ ತುದಿಗೆ ಇಳಿಜಾರು ಕೊಡಿ. ಹ್ಯಾಕ್ಸಾ ಕತ್ತರಿಸಿದ ಚೂಪು ಅಂಚು ಹೋಗುವಷ್ಟು ಸಾಲದು, ತುದಿಯ ಮುಖ ಥ್ರೆಡ್ಡಿನ ತಳದಷ್ಟು ಕಿರಿದಾಗಬೇಕು. ಎಂ10ರಲ್ಲಿ ಅದು ಸುಮಾರು 8 ಮಿ.ಮೀ. ಇಳಿಜಾರು ಒಂದು ಪಕ್ಕಕ್ಕೆ ಹೆಚ್ಚಾದರೆ ಡೈ ಅದೇ ಪಕ್ಕಕ್ಕೆ ವಾಲಿ ಕೂರುತ್ತದೆ. ಇಲ್ಲಿ ಅವಸರ ಬೇಡ, ಸರಳನ್ನು ತಿರುಗಿಸುತ್ತಾ ತಿರುಗಿಸುತ್ತಾ ಅರೆಯಿರಿ.

ವೈಸಿನ ದವಡೆಗೆ ಅಲ್ಯೂಮಿನಿಯಂ ತಗಡು ಮಡಚಿ ಇಟ್ಟು ಸರಳನ್ನು ನೆಟ್ಟಗೆ ಬಿಗಿಯಿರಿ, ಮೇಲಕ್ಕೆ ಬೇಕಾದಷ್ಟೇ ಚಾಚಿರಲಿ. ಗುಂಡು ಡೈಯಲ್ಲಿ ಒಂದು ಸೀಳು ಇರುತ್ತದೆ. ಹ್ಯಾಂಡಲ್ಲಿನ ನಡುವಿನ ಸ್ಕ್ರೂ ಆ ಸೀಳನ್ನು ಅಗಲಿಸುತ್ತದೆ, ಅಕ್ಕಪಕ್ಕದವು ಒತ್ತಿ ಕಿರಿದು ಮಾಡುತ್ತವೆ. ಮೊದಲ ಸಲಕ್ಕೆ ಸೀಳು ಅಗಲವಾಗಿಯೇ ಇರಲಿ. ಅಕ್ಷರ ಕೆತ್ತಿದ ಮುಖ ಸಾಮಾನ್ಯವಾಗಿ ಕೆಲಸ ಶುರುವಾಗುವ ಮುಖ, ಅದು ಸರಳಿನ ಕಡೆಗೆ ಬರಬೇಕು. ಎರಡೂ ಅಂಗೈಗಳನ್ನು ಡೈಯ ಸಮೀಪವೇ ಇಟ್ಟು, ಸಮನಾಗಿ ಒತ್ತುತ್ತಾ ಎರಡು ಸುತ್ತು ಕೊಡಿ. ಈಗ ನಿಲ್ಲಿಸಿ. ಮೂಲೆಮಟ್ಟವನ್ನು ಹ್ಯಾಂಡಲ್ಲಿಗೂ ಸರಳಿಗೂ ಹಿಡಿದು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಸೊಟ್ಟ ಇದ್ದರೆ ತಿದ್ದಲು ಇದೇ ಕೊನೆಯ ಅವಕಾಶ. ನಾಲ್ಕೈದು ಎಳೆ ಬಿದ್ದ ಮೇಲೆ ಡೈ ತಾನು ಹಿಡಿದ ದಾರಿಯನ್ನು ಬಿಡುವುದಿಲ್ಲ, ಒತ್ತಿ ನೇರ ಮಾಡಲು ಹೋದರೆ ಹಲ್ಲೇ ಮುರಿಯುತ್ತದೆ.

ಅಲ್ಲಿಂದ ಮುಂದೆ ಒತ್ತುವ ಅಗತ್ಯವಿಲ್ಲ, ಡೈ ತಾನಾಗಿ ಇಳಿಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ತಿರುಗಿಸಿದಾಗ ಚೂರು ಕಡಿದು ಹೋಗುವ ಸಣ್ಣ ಸಡಿಲಿಕೆ ಕೈಗೆ ತಿಳಿಯುತ್ತದೆ, ಅದು ತಿಳಿದ ಮೇಲೆಯೇ ಮತ್ತೆ ಮುಂದಕ್ಕೆ ಹೋಗಿ. ಉಕ್ಕಿಗೆ ಕಟಿಂಗ್ ಆಯಿಲ್ ಒಳ್ಳೆಯದು, ಅದು ಇಲ್ಲದ ದಿನ ಅಡುಗೆಮನೆಯ ಕೊಬ್ಬರಿ ಎಣ್ಣೆಯೂ ಕೆಲಸ ಕೊಡುತ್ತದೆ. ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಹಿತ್ತಾಳೆಗೆ ಏನೂ ಬೇಡ. ಚೂರುಗಳನ್ನು ಬಾಯಿಂದ ಊದಬೇಡಿ, ಬೆರಳಿನಿಂದ ಒರೆಸಬೇಡಿ, ಹಳೆಯ ಬ್ರಷ್ ಇಟ್ಟುಕೊಳ್ಳಿ. ಕೊನೆ ಮುಟ್ಟಿದ ಮೇಲೆ ಡೈ ತೆಗೆದು ನಟ್ಟು ಹಾಕಿ ನೋಡಿ. ಬಿಗಿಯಾದರೆ ಪಕ್ಕದ ಸ್ಕ್ರೂಗಳನ್ನು ತುಸು ಒತ್ತಿ ಇನ್ನೊಮ್ಮೆ ಓಡಿಸಿ. ಒಂದೇ ಸಲಕ್ಕೆ ಪೂರ್ತಿ ಆಳ ಕತ್ತರಿಸಿದ ಥ್ರೆಡ್ಡಿಗಿಂತ ಎರಡು ಸಲ ಓಡಿಸಿದ್ದರ ಮೈ ನಯವಾಗಿರುತ್ತದೆ.

ಆರು ಮೂಲೆಯ ಡೈ ನಟ್ಟನ್ನು ಹೊಸ ಥ್ರೆಡ್ ಹಾಕಲು ಬಳಸಬೇಡಿ, ಅದು ಏಟು ಬಿದ್ದ ಹಳೆಯ ಥ್ರೆಡ್ಡನ್ನು ಸರಿಪಡಿಸಲು ಇರುವುದು.

ಜೋಕಾಲಿ, ತೂಗುಮಂಚದ ಸರಳಿಗೆ ಥ್ರೆಡ್ ಹಾಕುವವರಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. 10 ಮಿ.ಮೀ. ಸರಳಿನ ಅಡ್ಡಕೊಯ್ತ 78 ಚದರ ಮಿ.ಮೀ. ಇರುತ್ತದೆ, ಎಂ10 ಥ್ರೆಡ್ ಹಾಕಿದ ಮೇಲೆ ಭಾರ ಹೊರುವ ಭಾಗ ಲೆಕ್ಕಕ್ಕೆ 58 ಮಾತ್ರ. ಎಂ12 ಆದರೆ 84. ಮಕ್ಕಳು ಮುದುಕರು ಕೂರುವ ಜಾಗಕ್ಕೆ ಎಂ12ಕ್ಕಿಂತ ಕಡಿಮೆ ಇಡಬೇಡಿ. ಸರಳು ಅತ್ತಿತ್ತ ಬಾಗುವ ಕಡೆ ಥ್ರೆಡ್ ಬರದಂತೆ ನೋಡಿಕೊಳ್ಳಿ, ಒಂದರ ಮೇಲೊಂದು ಎರಡು ನಟ್ಟು ಬಿಗಿಯಿರಿ. ಆಗಾಗ ನಟ್ಟಿನ ಪಕ್ಕದ ಎಳೆಯನ್ನು ಬ್ಯಾಟರಿ ಹಾಕಿ ನೋಡಿ. ಕಪ್ಪು ಗೆರೆಯಂತಹ ಬಿರುಕು ಕಂಡರೆ ಆ ಸರಳನ್ನು ಅಂದೇ ಇಳಿಸಿ ಹೊಸದು ಹಾಕಿ.