ಪಡುವಣ ಗೋಡೆ

ವಿಜಯಪುರದಲ್ಲಿ ನಾವು ಬಾಡಿಗೆಗಿದ್ದ ಮನೆ ಆರಿಂಚಿನ ಸಿಮೆಂಟ್ ಬ್ಲಾಕಿನದು. ಏಪ್ರಿಲ್ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಮಲಗುವ ಕೋಣೆಯ ಪಡುವಣ ಗೋಡೆಗೆ ಅಂಗೈ ಹಚ್ಚಿದರೆ, ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಹತ್ತಿರ ಕೈ ಹಿಡಿದ ಹಾಗಿರುತ್ತಿತ್ತು. ಹೊರಗೆ ಅಂಗಳದಲ್ಲಿ ಗಾಳಿ ತಣ್ಣಗಾಗಿರುತ್ತಿತ್ತು. ಸಂಜೆ ನಾಲ್ಕರ ಬಿಸಿಲು ಗೋಡೆಯೊಳಗೆ ಮೆಲ್ಲಗೆ ನಡೆದು, ನಾವು ಮಲಗುವ ಹೊತ್ತಿಗೆ ಒಳಗೆ ಬಂದು ಮುಟ್ಟುತ್ತಿತ್ತು. ಸ್ವಂತ ಮನೆ ಕಟ್ಟಿಸಲು ಹೊರಟಾಗ ನನಗಿದ್ದದ್ದು ಒಂದೇ ಹಟ: ಬಿಸಿಲನ್ನು ಹೊರಗೇ ನಿಲ್ಲಿಸಬೇಕು.

ಅಜ್ಜಿಯ ಊರಿನ ಮನೆಗೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನವೂ ಪಡಸಾಲೆಯಲ್ಲಿ ನಿದ್ದೆ ಬರುತ್ತಿತ್ತು. ಹಾಗೇ ಕಟ್ಟಿಸೋಣವೆಂದು ಮೊದಲು ಒತ್ತಿದ ಮಣ್ಣಿನ ಬ್ಲಾಕುಗಳನ್ನು ವಿಚಾರಿಸಿದೆ. ಆದರೆ ಅದಕ್ಕೆ ಉಸುಕು ಬೆರೆತ ಕೆಂಪು ಮಣ್ಣು ಬೇಕು. ನನ್ನ ಜಾಗದ್ದು ಎರೆ ಮಣ್ಣು, ನೀರು ಕುಡಿದರೆ ಉಬ್ಬಿ ಒಣಗಿದರೆ ಬಿರಿಯುವಂಥದ್ದು. ದೂರದಿಂದ ಮಣ್ಣು ಹೇರಿಸಿ ತರುವುದು ನನಗೆ ಸರಿ ಕಾಣಲಿಲ್ಲ.

ಉಳಿದದ್ದು ಇಟ್ಟಂಗಿ, ಸಿಮೆಂಟ್ ಬ್ಲಾಕ್ ಮತ್ತು ಎಎಸಿ ಎಂಬ ಹಗುರ ಕಾಂಕ್ರೀಟಿನ ಬ್ಲಾಕ್. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಗೋಡೆಯಿಂದ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬ ಲೆಕ್ಕ ಹಾಕಿದೆ. ಆರಿಂಚಿನ ಸಿಮೆಂಟ್ ಬ್ಲಾಕಿನಲ್ಲಿ ಸುಮಾರು 3, ಒಂಬತ್ತಿಂಚಿನ ಇಟ್ಟಂಗಿಯಲ್ಲಿ ಸುಮಾರು 2, ಎಂಟಿಂಚಿನ ಎಎಸಿಯಲ್ಲಿ 0.8ರ ಆಸುಪಾಸು. ಎಎಸಿ ತಯಾರಿಸುವಾಗ ಸೇರಿಸುವ ಅಲ್ಯೂಮಿನಿಯಂ ಪುಡಿಯಿಂದ ಹಸಿ ಮಿಶ್ರಣದಲ್ಲಿ ಗುಳ್ಳೆಗಳೆದ್ದು, ಬ್ಲಾಕಿನ ತುಂಬ ಗಾಳಿ ಸಿಕ್ಕಿಕೊಂಡಿರುತ್ತದೆ. ಶಾಖವನ್ನು ತಡೆಯುವುದು ಆ ಗಾಳಿಯೇ. ಹೊರಗೋಡೆಗಳಿಗೆ ಎಎಸಿ ಎಂದು ಗಟ್ಟಿಮಾಡಿದೆ. ಒಳಗೋಡೆಗಳಿಗೆ ಮಾತ್ರ ಇಟ್ಟಂಗಿಯನ್ನೇ ಉಳಿಸಿಕೊಂಡೆ. ರಾತ್ರಿ ಕಿಟಕಿ ತೆರೆದಿಟ್ಟಾಗ ತಂಪು ಕುಡಿದು ಹಗಲೆಲ್ಲ ಹಿಡಿದಿಟ್ಟುಕೊಳ್ಳಲು ಒಳಗೆ ಭಾರದ ಗೋಡೆ ಇರಬೇಕು.

ಮೆಟ್ಟಿಲು, ಬಚ್ಚಲುಗಳನ್ನೆಲ್ಲ ಪಡುವಣಕ್ಕೆ ಸರಿಸಿ, ಮಲಗುವ ಕೋಣೆಯನ್ನು ಮೂಡಣಕ್ಕೆ ಒಯ್ಯಬೇಕೆಂದಿದ್ದೆ. ಅವ್ವ ಒಪ್ಪಲಿಲ್ಲ. "ಮಲಗೂ ಖೋಲಿ ನೈಋತ್ಯಕ್ಕ ಇರ್ಬೇಕು ನೋಡಪಾ, ಅದರಾಗ ಮಾತಿಲ್ಲ" ಅಂದಳು. ಸರಿ, ಕೋಣೆ ಅಲ್ಲೇ ಇರಲಿ, ಗೋಡೆಯನ್ನು ಬದಲಿಸೋಣ ಅಂದುಕೊಂಡೆ. ಆ ಒಂದು ಗೋಡೆಗೆ ಒಳಗೆ ಎಂಟಿಂಚಿನ ಎಎಸಿ, ನಡುವೆ ಎರಡಿಂಚು ಖಾಲಿ ಜಾಗ, ಹೊರಗೆ ನಾಲ್ಕೂವರೆ ಇಂಚಿನ ಇಟ್ಟಂಗಿ. ಎರಡನ್ನೂ ತುಕ್ಕು ಹಿಡಿಯದ ಸ್ಟೀಲ್ ಕೊಂಡಿಗಳಿಂದ ಜೋಡಿಸಿದೆವು. ಅದಕ್ಕಾಗಿ ಪಾಯದ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮನ್ನು ಅಗಲ ಮಾಡಿಸಬೇಕಾಯಿತು.

ಕಟ್ಟುವಾಗ ನಡುವಿನ ಸಂದಿಗೆ ಸಿಮೆಂಟ್ ಬಿದ್ದು ಗಟ್ಟಿಯಾದರೆ ಶಾಖಕ್ಕೂ ತೇವಕ್ಕೂ ಅದೇ ಸೇತುವೆಯಾಗುತ್ತದೆ. ಗೌಂಡಿ ಒಂದು ಕಟ್ಟಿಗೆಯ ಪಟ್ಟಿಯ ಎರಡೂ ತುದಿಗೆ ಹಗ್ಗ ಕಟ್ಟಿ ಸಂದಿಯಲ್ಲಿ ಇಳಿಬಿಟ್ಟ. ನಾಲ್ಕೈದು ವರಸೆ ಏರಿದ ಮೇಲೆ ಪಟ್ಟಿಯನ್ನು ಎಳೆದುಕೊಂಡು, ಅದರ ಮೇಲೆ ಬಿದ್ದ ಸಿಮೆಂಟನ್ನು ಕರಣಿಯಿಂದ ಕೆರೆದು, ಮತ್ತೆ ಇಳಿಬಿಡುತ್ತಿದ್ದ. ಕೆಳಗಿನ ವರಸೆಯಲ್ಲಿ ನೀರು ಹೊರಹೋಗಲು ಅಲ್ಲಲ್ಲಿ ಸಣ್ಣ ತೂತು ಬಿಟ್ಟ. ಅವನ ಆ ತಾಳ್ಮೆ ನೋಡುತ್ತ ನಾನು ಇಡೀ ದಿನ ಅಲ್ಲೇ ಕುಳಿತಿದ್ದೆ.

ಅದೇ ಗೌಂಡಿಯೊಂದಿಗೆ ಮೊದಲ ವಾರ ಜಗಳವೂ ಆಗಿತ್ತು. ಎಎಸಿ ಬ್ಲಾಕುಗಳನ್ನು ಇಟ್ಟಂಗಿಯ ಹಾಗೆ ತೊಟ್ಟಿಯಲ್ಲಿ ನೆನೆಹಾಕಿಬಿಟ್ಟಿದ್ದ. "ನೀರ ಕುಡಿಸಲಾರದ ಸಿಮೆಂಟ್ ಹೆಂಗ ಹಿಡೀತದ್ರಿ ಸರ?" ಎಂಬುದು ಅವನ ವಾದ. ನೆನೆದ ಬ್ಲಾಕು ಒಣಗುವಾಗ ಕುಗ್ಗುತ್ತದೆ. ಅದರ ಮೇಲೆ ಸಿಮೆಂಟ್ ಹೆಚ್ಚಾದ ಬಿಗಿ ಗಿಲಾವ್ (ಪ್ಲಾಸ್ಟರ್) ಬೇರೆ. ಮೊದಲ ಕೋಣೆಯ ಗೋಡೆಯ ತುಂಬ ಕೂದಲೆಳೆಯಂಥ ಬಿರುಕು ಬಿಟ್ಟು, ಅಷ್ಟನ್ನೂ ಕೆರೆದು ಮತ್ತೆ ಮಾಡಿಸಿದೆವು. ಆಮೇಲೆ ಮೈ ಒದ್ದೆಯಾಗುವಷ್ಟೇ ನೀರು ಚಿಮುಕಿಸಿದೆವು. ಸಿಮೆಂಟ್ ಕಲಸುವ ಬದಲು ಬ್ಲಾಕ್ ಕೂಡಿಸುವ ಅಂಟನ್ನು ತೆಳ್ಳಗೆ ಸವರಿ, ಕಂಬಕ್ಕೂ ಗೋಡೆಗೂ ಸೇರುವಲ್ಲಿ ತಂತಿ ಜಾಳಿಗೆ ಹೊಡೆದು, ಆರು ಪಾಲು ಉಸುಕಿಗೆ ಒಂದು ಪಾಲು ಸಿಮೆಂಟಿನ ಗಿಲಾವ್ ಮಾಡಿದೆವು. ಉಳಿದ ಕೋಣೆಗಳಲ್ಲಿ ಬಿರುಕಿಲ್ಲ.

ಗೋಡೆಗೆ ಇಷ್ಟು ಮಾಡಿದರೂ ಚಾವಣಿ ಬಿಟ್ಟರೆ ಎಲ್ಲ ವ್ಯರ್ಥ. ನಮ್ಮೂರಲ್ಲಿ ಮೇ ಮೊದಲ ವಾರ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಬಿಸಿಲೆಲ್ಲ ಸ್ಲ್ಯಾಬಿಗೆ ಬೀಳುತ್ತದೆ. ಒಳಗಡೆ ಥರ್ಮಾಕೋಲ್ ಹಚ್ಚಿ ಫಾಲ್ಸ್ ಸೀಲಿಂಗ್ ಮಾಡಿಸಿ ಎಂದು ಒಬ್ಬ ಅಂಗಡಿಯವರು ಬಹಳ ಒತ್ತಾಯ ಮಾಡಿದರು. ಆದರೆ ಹಾಗೆ ಮಾಡಿದರೆ ಸ್ಲ್ಯಾಬ್ ಕಾಯುವುದು ತಪ್ಪುವುದಿಲ್ಲ. ನಾನು ಸ್ಲ್ಯಾಬಿನ ಮೇಲೆ ನೀರು ಇಳಿಯದಂತೆ ಲೇಪ, ಅದರ ಮೇಲೆ ಶಾಖ ತಡೆಯುವ 50 ಮಿಲಿಮೀಟರಿನ ಎಕ್ಸ್‌ಪಿಎಸ್ ಫೋಮ್ ಹಾಳೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ ಚೂರು ಹಾಕಿಸಿದೆ. ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ, ಗೋಡೆಗೆ ಹಾಕಿದ ಅದೇ ಲೆಕ್ಕದಲ್ಲಿ ಚಾವಣಿಗೆ 1.2 ವ್ಯಾಟ್ ಮಿತಿ ಹಾಕಿದೆ. ನನ್ನದು ಲೆಕ್ಕದಲ್ಲಿ 0.5ರ ಹತ್ತಿರ ಬರುತ್ತದೆ. ದುಡ್ಡು ಕಡಿಮೆಯಿದ್ದವರು ಮೊದಲು ಚಾವಣಿಗೆ, ಆಮೇಲೆ ಪಡುವಣ ಗೋಡೆಗೆ ಖರ್ಚು ಮಾಡಲಿ. ಬಡಗಣ ಗೋಡೆಗೆ ಇಷ್ಟೆಲ್ಲ ಬೇಕಿಲ್ಲ.

ಈ ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಹೊಸ ಮನೆಯ ಪಡುವಣ ಗೋಡೆಗೆ ಅಂಗೈ ಹಚ್ಚಿ ನೋಡಿದೆ. ಪಕ್ಕದ ಒಳಗೋಡೆಗೂ ಅದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಅವ್ವ ಸಣ್ಣಗೆ ಫ್ಯಾನ್ ಹಚ್ಚಿಕೊಂಡು ಮಲಗಿದ್ದಳು. ಅಡುಗೆಮನೆಯ ಪಡುವಣ ಕಿಟಕಿ ಮಾತ್ರ ಇನ್ನೂ ಕಾಡುತ್ತಿದೆ. ಸಂಜೆಯ ಸೂರ್ಯ ಕೆಳಗಿಳಿದು ಛಜ್ಜಾದ ಅಡಿಯಿಂದಲೇ ಒಳಗೆ ಬರುತ್ತಾನೆ. ಒಳಗೆ ಪರದೆ ಕಟ್ಟಿದರೆ ಗಾಜು ದಾಟಿದ ಬಿಸಿ ಒಳಗೇ ಉಳಿಯುತ್ತದೆ. ಹೊರಗಡೆಯಿಂದ ಬಿದಿರಿನ ತಟ್ಟಿ ಇಳಿಬಿಡಲು ಬಡಿಗನಿಗೆ ಅಳತೆ ಕೊಟ್ಟು ಬಂದಿದ್ದೇನೆ.