ವಿದೇಶಿ ಸಂಗಾತಿಗೆ ಭಾರತದ ಪ್ರವಾಸಿ ವೀಸಾ: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ

ನೀವಿರುವುದು ಡೊಂಬಿವಲಿಯಲ್ಲೋ ಹಿಂಜವಡಿಯಲ್ಲೋ ವಾಸ್ಕೋದಲ್ಲೋ. ನಿಮ್ಮ ಗೆಳೆಯ ಅಥವಾ ಗೆಳತಿ ಹೊರದೇಶದವರು. ಅವರು ಕೆಲವು ವಾರ ಬಂದು ನಿಮ್ಮ ಜೊತೆ ಇದ್ದು ಹೋಗಬೇಕು, ಅಷ್ಟೇ. ಇದಕ್ಕೆ ಇ-ಟೂರಿಸ್ಟ್ ವೀಸಾ ಸಾಕು. ನೀವಿಬ್ಬರೂ ಎಷ್ಟು ವರ್ಷದಿಂದ ಒಟ್ಟಿಗಿದ್ದೀರಿ, ಮದುವೆ ಆಗಿದೆಯೋ ಇಲ್ಲವೋ ಎಂಬುದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಸಲಿಂಗ ಜೋಡಿಗೂ ಇದೇ ದಾರಿ. ಅರ್ಜಿ ಅವರ ಪಾಸ್‌ಪೋರ್ಟಿನ ಮೇಲೆ ನಿಂತಿರುತ್ತದೆಯೇ ಹೊರತು ನಿಮ್ಮ ಸಂಬಂಧದ ಮೇಲಲ್ಲ.

ತೊಂದರೆ ಆಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಫಾರಂ ತುಂಬುವಾಗ ಬೀಳುವ ಅಕ್ಷರದ ತಪ್ಪು. ಇನ್ನೊಂದು, ಅವರು ನಿಮ್ಮ ಮನೆ ಸೇರಿದ 24 ಗಂಟೆಯೊಳಗೆ ನೀವು ಪೊಲೀಸರಿಗೆ ಕೊಡಬೇಕಾದ ಮಾಹಿತಿ. ಮೊದಲನೆಯದನ್ನು ಅವರು ನೋಡಿಕೊಳ್ಳಬೇಕು, ಎರಡನೆಯದು ಪೂರ್ತಿ ನಿಮ್ಮದು. ಅದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ.

ಯಾವ ವೀಸಾ, ಯಾವಾಗ

ಇ-ಟೂರಿಸ್ಟ್ ವೀಸಾ ಮೂರು ಬಗೆ: 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು. 30 ದಿನದ್ದರಲ್ಲಿ ಎರಡು ಸಲ ಒಳಗೆ ಬರಬಹುದು, ದಿನಗಳ ಲೆಕ್ಕ ಇಲ್ಲಿ ಇಳಿದ ದಿನದಿಂದ ಶುರು. ಒಂದು ಮತ್ತು ಐದು ವರ್ಷದ್ದರಲ್ಲಿ ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು, ಆದರೆ ಅವಧಿ ವೀಸಾ ಮಂಜೂರಾದ ದಿನದಿಂದಲೇ ಓಡತೊಡಗುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಬರುವವರು ಒಂದು ವರ್ಷದ ವೀಸಾವನ್ನು ಸೆಪ್ಟೆಂಬರಿನಲ್ಲೇ ಮಾಡಿಸಿಟ್ಟರೆ ಮೂರು ತಿಂಗಳು ಸುಮ್ಮನೆ ಕಳೆದುಹೋಗುತ್ತದೆ.

30 ದಿನದ್ದಕ್ಕೆ ಬರುವ ದಿನಕ್ಕೆ 30 ದಿನ ಮುಂಚೆಯಿಂದ, ಉಳಿದೆರಡಕ್ಕೆ 120 ದಿನ ಮುಂಚೆಯಿಂದ ಅರ್ಜಿ ಹಾಕಬಹುದು. ಯಾವುದೇ ಆದರೂ ಕನಿಷ್ಠ ನಾಲ್ಕು ದಿನ ಮೊದಲು ಹಾಕಿರಬೇಕು. ಸಾಮಾನ್ಯವಾಗಿ ಮೂರು ದಿನದೊಳಗೆ ಉತ್ತರ ಬರುತ್ತದೆ. ಆದರೆ ಫೋಟೋ ಸರಿಯಿಲ್ಲ, ಮತ್ತೆ ಹಾಕಿ ಎಂಬ ಮೇಲ್ ಬಂದರೆ ಆ ನಾಲ್ಕು ದಿನ ಸಾಲುವುದಿಲ್ಲ. ಎರಡು ಮೂರು ವಾರ ಕೈಯಲ್ಲಿರಲಿ.

ಹೆಚ್ಚಿನ ದೇಶಗಳವರಿಗೆ 30 ದಿನದ ವೀಸಾಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗೆ 10 ಡಾಲರ್, ಜುಲೈಯಿಂದ ಮಾರ್ಚ್‌ವರೆಗೆ 25 ಡಾಲರ್. ಒಂದು ವರ್ಷಕ್ಕೆ 40, ಐದು ವರ್ಷಕ್ಕೆ 80. ಇದರ ಮೇಲೆ ಬ್ಯಾಂಕ್ ಶುಲ್ಕ. ಕೆಲವು ದೇಶಗಳಿಗೆ ದರ ಬೇರೆ, ದೇಶವಾರು ಪಟ್ಟಿ ಸೈಟಿನಲ್ಲೇ ಇದೆ. ವರ್ಷಕ್ಕೆರಡು ಸಲ ಬರುವ ಸಂಗಾತಿಗೆ ಐದು ವರ್ಷದ್ದೇ ಲೇಸು. ಬರೀ ದುಡ್ಡಿನ ಮಾತಲ್ಲ, ಪ್ರತಿ ಸಲ ಆ ಉದ್ದದ ಫಾರಂ ತುಂಬುವ ಕಾಟ ತಪ್ಪುತ್ತದೆ. ಹಾಗಂತ ಐದು ವರ್ಷದ ವೀಸಾ ಇದ್ದರೆ ಐದು ವರ್ಷ ಇಲ್ಲೇ ಇರಬಹುದೆಂದಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಒಂದು ವರ್ಷದಲ್ಲಿ ಒಟ್ಟು 180 ದಿನ ಮೀರಬಾರದು. ಅನೇಕ ದೇಶಗಳವರಿಗೆ ಒಂದು ಭೇಟಿ 90 ದಿನ ದಾಟಬಾರದೆಂಬ ಷರತ್ತೂ ಉಂಟು.

ನೇಪಾಳ, ಭೂತಾನದವರಿಗೆ ವೀಸಾ ಬೇಡ. ಪಾಕಿಸ್ತಾನದ ಪಾಸ್‌ಪೋರ್ಟ್ ಇರುವವರಿಗೆ, ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಪಾಕಿಸ್ತಾನ ಮೂಲದವರಾಗಿದ್ದರೆ ಅವರಿಗೂ, ಇ-ವೀಸಾ ಸಿಗುವುದಿಲ್ಲ. ಈಗಿನ ಪೌರತ್ವ ಬ್ರಿಟನ್ನಿನದೋ ಕೆನಡಾದ್ದೋ ಆಗಿದ್ದರೂ ಅಷ್ಟೆ. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಕಾಗದದ ವೀಸಾಕ್ಕೆ ಅರ್ಜಿ ಹಾಕಬೇಕು, ತಿಂಗಳುಗಟ್ಟಲೆ ಮೊದಲೇ. ಫಾರಂನಲ್ಲಿ ಈ ಪ್ರಶ್ನೆ ನೇರವಾಗಿಯೇ ಇದೆ, ಮುಚ್ಚಿಡಲು ಹೋಗಬೇಡಿ.

ಫಾರಂ

ಸರಕಾರಿ ಸೈಟ್ ಒಂದೇ: ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಜಿಒವಿ ಡಾಟ್ ಇನ್. ಹುಡುಕಿದಾಗ ಅದಕ್ಕಿಂತ ಮೇಲೆ ಡಾಟ್ ಕಾಮ್, ಡಾಟ್ ಆರ್ಗ್ ಎಂದಿರುವ, ಅಶೋಕಸ್ತಂಭವನ್ನೇ ಹೋಲುವ ಚಿಹ್ನೆ ಹಾಕಿಕೊಂಡ ಸೈಟುಗಳು ಬರುತ್ತವೆ. ಅವು ಎಷ್ಟೋ ಪಟ್ಟು ಹಣ ಕಿತ್ತುಕೊಂಡು ಇದೇ ಫಾರಂ ತುಂಬಿ ಕೊಡುತ್ತವೆ, ಕೆಲವು ಅದನ್ನೂ ಕೊಡುವುದಿಲ್ಲ. ಸಂಗಾತಿಗೆ ಸರಿಯಾದ ಲಿಂಕನ್ನು ನೀವೇ ಕಳಿಸಿ.

ಮೊದಲ ಪುಟ ಮುಗಿದಾಗ ತಾತ್ಕಾಲಿಕ ಅರ್ಜಿ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಲಿ. ಸೈಟ್ ಮಧ್ಯೆ ಕೈಕೊಡುವುದು ಮಾಮೂಲು, ಈ ಸಂಖ್ಯೆ ಇದ್ದರೆ ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು.

ಹೆಸರನ್ನು ಪಾಸ್‌ಪೋರ್ಟ್ ನೋಡಿಯೇ ಹಾಕಬೇಕು. ನಡುಹೆಸರು ಇದ್ದರೆ ಅದೂ ಬರಬೇಕು. ಜರ್ಮನ್, ಫ್ರೆಂಚ್, ಪೋಲಿಷ್ ಹೆಸರುಗಳ ಮೇಲೆ ಚುಕ್ಕಿ, ಗೆರೆ ಇರುತ್ತವೆ, ಫಾರಂ ಅವನ್ನು ಒಪ್ಪುವುದಿಲ್ಲ. ಆಗ ಫೋಟೋ ಪುಟದ ತೀರಾ ಕೆಳಗೆ ಯಂತ್ರ ಓದುವುದಕ್ಕೆಂದು ಇರುವ ಎರಡು ಸಾಲು ನೋಡಿ, ಅಲ್ಲಿರುವಂತೆಯೇ ಬರೆಯಲಿ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆಗೂ ಓ ಅಕ್ಷರಕ್ಕೂ ಅದಲುಬದಲಾಗುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಹಾಗೆ ಮಂಜೂರಾದ ವೀಸಾ ಚೆಕ್-ಇನ್ ಕೌಂಟರಿನಲ್ಲೇ ನಿಷ್ಪ್ರಯೋಜಕ. ಹಣ ಕಟ್ಟಿದ ಮೇಲೆ ತಿದ್ದಲಾಗದು, ಹೊಸ ಅರ್ಜಿ, ಹೊಸ ಶುಲ್ಕ. ತಾರೀಖಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದವರು ಇಲ್ಲಿ ಎಡವುತ್ತಾರೆ, 4 ಜುಲೈ ಹೋಗಿ 7 ಏಪ್ರಿಲ್ ಆಗುತ್ತದೆ. ಎರಡು ಪೌರತ್ವ ಇದ್ದವರು ಯಾವ ಪಾಸ್‌ಪೋರ್ಟಿನಲ್ಲಿ ಅರ್ಜಿ ಹಾಕಿದರೋ ಅದರಲ್ಲೇ ಬರಬೇಕು. ಪಾಸ್‌ಪೋರ್ಟಿಗೆ ಇಲ್ಲಿಗೆ ಬರುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಇರಬೇಕು.

ಧರ್ಮ, ಮೈಮೇಲಿನ ಗುರುತು, ತಂದೆ ತಾಯಿ ಹುಟ್ಟಿದ ಊರು ಇಂಥ ಪ್ರಶ್ನೆಗಳನ್ನು ಕಂಡು ಹೊರಗಿನವರಿಗೆ ಕಸಿವಿಸಿಯಾಗುತ್ತದೆ. ಎಲ್ಲರಿಗೂ ಇವೇ ಪ್ರಶ್ನೆ ಎಂದು ಮೊದಲೇ ಹೇಳಿಡಿ. ಕಳೆದ ಹತ್ತು ವರ್ಷದಲ್ಲಿ ಹೋದ ದೇಶಗಳನ್ನು ಕೇಳುತ್ತದೆ. ಮೂರು ವರ್ಷದೊಳಗೆ ಸಾರ್ಕ್ ದೇಶಗಳಿಗೆ, ಅಂದರೆ ದಕ್ಷಿಣ ಏಷ್ಯಾ ಕೂಟದ ದೇಶಗಳಿಗೆ, ಹೋಗಿದ್ದನ್ನು ಬೇರೆಯಾಗಿ ಕೇಳುತ್ತದೆ. ಶ್ರೀಲಂಕಾಗೋ ಮಾಲ್ಡೀವ್ಸ್‌ಗೋ ಒಂದು ವಾರ ಹೋಗಿ ಬಂದದ್ದನ್ನು ಮರೆಯುವುದೇ ಇಲ್ಲಿ. ಹಿಂದೆ ಭಾರತದ ವೀಸಾ ನಿರಾಕರಣೆ ಆಗಿದ್ದರೆ ಹೇಳಬೇಕು.

ಮದುವೆಯಾಗಿಲ್ಲದಿದ್ದರೆ ಅವಿವಾಹಿತ ಎಂದೇ ಇರಲಿ, ಸುಲಭವಾದೀತೆಂದು ನಿಮ್ಮನ್ನು ಗಂಡನೋ ಹೆಂಡತಿಯೋ ಮಾಡಿಬಿಡುವುದು ಬೇಡ. ಭೇಟಿಯ ಉದ್ದೇಶದಲ್ಲಿ ಸ್ನೇಹಿತರು, ಬಂಧುಗಳನ್ನು ಕಾಣುವುದು ಎಂಬ ಆಯ್ಕೆ ಇದೆ, ಅದೇ ನಿಮಗೆ ಸರಿಯಾದದ್ದು. ಪತ್ರಕರ್ತರು ಬರೀ ತಿರುಗಾಟಕ್ಕೆ ಬರುವವರಾದರೂ ವೃತ್ತಿಯನ್ನು ಮರೆಮಾಚಬಾರದು. ಸುದ್ದಿ ಮಾಡುವುದು, ಧರ್ಮಪ್ರಚಾರ, ಸಂಶೋಧನೆ ಇವೆಲ್ಲ ಪ್ರವಾಸಿ ವೀಸಾದ ಹೊರಗೆ.

ಭಾರತದಲ್ಲಿನ ಪರಿಚಿತರ ಜಾಗದಲ್ಲಿ ನಿಮ್ಮ ಹೆಸರು, ವಿಳಾಸ, ಮೊಬೈಲ್. ಊರಲ್ಲಿರುವ ಅಪ್ಪನ ನಂಬರ್ ಕೊಡುವುದಕ್ಕಿಂತ ನಿಮ್ಮದನ್ನೇ ಕೊಡಿ, ಯಾರಾದರೂ ಫೋನ್ ಮಾಡಿದರೆ ಉತ್ತರ ಕೊಡುವವರು ನೀವೇ ಆಗಿರಬೇಕು. ನಮ್ಮ ಸೊಸೈಟಿ ವಿಳಾಸಗಳಲ್ಲಿ ಬಿ/304 ಎಂಬಂಥ ಓರೆಗೆರೆ ಇರುತ್ತದೆ. ಫಾರಂ ಒಪ್ಪದಿದ್ದರೆ ಅಲ್ಲಿ ಜಾಗ ಬಿಡಿ.

ಫೋಟೋ ಜೆಪೆಗ್ ಆಗಿರಬೇಕು, ಚೌಕಾಕಾರ, ಬಿಳಿ ಹಿನ್ನೆಲೆ, ಅಂಚು ಇರಬಾರದು, 10 ಕೆಬಿಯಿಂದ 1 ಎಂಬಿ ಒಳಗೆ. ಪಾಸ್‌ಪೋರ್ಟ್ ಪುಟ ಪಿಡಿಎಫ್, 10ರಿಂದ 300 ಕೆಬಿ. ಫೋನಿನಲ್ಲಿ ತೆಗೆದ ಪುಟದ ಮೇಲೆ ಟ್ಯೂಬ್‌ಲೈಟ್ ಹೊಳಪು ಬಿದ್ದು ಅಕ್ಷರ ಕಾಣದಿದ್ದರೆ ಮತ್ತೆ ಹಾಕಲು ಹೇಳುತ್ತಾರೆ.

ಹಣವನ್ನು ಸಂಗಾತಿ ತಮ್ಮ ಕಾರ್ಡಿನಲ್ಲೇ ಕಟ್ಟುವುದು ಸರಳ. ನೀವೇ ಕಟ್ಟುವುದಾದರೆ ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ವಹಿವಾಟು ಆನ್ ಆಗಿದೆಯೇ ನೋಡಿ. ಹಣ ಕಡಿತವಾಗಿಯೂ ಸ್ಥಿತಿ ಬದಲಾಗದಿದ್ದರೆ ಕೂಡಲೇ ಮತ್ತೆ ಕಟ್ಟಬೇಡಿ. ಕೆಲವು ಗಂಟೆ ಕಾದು ಸೈಟಿನಲ್ಲೇ ಪಾವತಿ ಪರಿಶೀಲಿಸುವ ಲಿಂಕ್ ಒತ್ತಿ. ಮೂರು ಸಲ ವಿಫಲವಾದರೆ ಆ ಅರ್ಜಿ ಸಂಖ್ಯೆ ನಿಂತುಹೋಗುತ್ತದೆ. ಅರ್ಜಿ ತಿರಸ್ಕಾರವಾದರೂ ಹಣ ವಾಪಸಿಲ್ಲ.

ಇಳಿಯುವುದು

ಮಂಜೂರಾದ ಮೇಲೆ ಇಟಿಎ ಎಂಬ ಪತ್ರ ಮೇಲ್‌ನಲ್ಲಿ ಬರುತ್ತದೆ. ಸೈಟಿಗೂ ಹೋಗಿ ಸ್ಥಿತಿ 'ಗ್ರಾಂಟೆಡ್' ಎಂದಿದೆಯೇ ನೋಡಿ, ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಬರಲಿ. ಅಕ್ಟೋಬರ್ 2025ರಿಂದ ಇ-ಅರೈವಲ್ ಕಾರ್ಡ್ ಕೂಡ ಬಂದಿದೆ. ಇಳಿಯುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದು ಪುಕ್ಕಟೆ. ಅದಕ್ಕೆ ಹಣ ಕೇಳುವ ಸೈಟ್ ಕಂಡರೆ ಮುಚ್ಚಿಬಿಡಿ.

ಮುಂಬೈ, ಪುಣೆ, ಗೋವಾದ ದಾಬೋಳಿ ಮತ್ತು ಮೋಪ, ಮಂಗಳೂರು ಎಲ್ಲವೂ ಇ-ವೀಸಾ ಪಟ್ಟಿಯಲ್ಲಿವೆ. ಹುಬ್ಬಳ್ಳಿ, ಬೆಳಗಾವಿ ಇಲ್ಲ, ಅಲ್ಲಿ ಇಮಿಗ್ರೇಷನ್ನೇ ಇಲ್ಲ. ಪುಣೆಗೆ ಹೊರದೇಶದಿಂದ ನೇರ ವಿಮಾನ ಬೆರಳೆಣಿಕೆಯಷ್ಟು, ಹೆಚ್ಚಿನವರು ಮುಂಬೈಗೆ ಬಂದು ಎಕ್ಸ್‌ಪ್ರೆಸ್‌ವೇ ಹಿಡಿಯುತ್ತಾರೆ. ಗೋವಾಕ್ಕೆ ಟಿಕೆಟ್ ಮಾಡುವಾಗ ಸಂಕೇತ ನೋಡಿ: ಜಿಒಐ ಎಂದರೆ ದಾಬೋಳಿ, ಜಿಒಎಕ್ಸ್ ಎಂದರೆ ಮೋಪ. ಒಂದು ದಕ್ಷಿಣದಲ್ಲಿ, ಒಂದು ಮಹಾರಾಷ್ಟ್ರದ ಗಡಿಯಲ್ಲಿ. ನೀವು ವಾಸ್ಕೋದಲ್ಲಿ ಕಾಯುತ್ತಿದ್ದು ಅವರು ಮೋಪ ಇರುವ ಪೆಡ್ಣೆಯಲ್ಲಿ ಇಳಿದಿರುವುದು ಬೇಡ.

ಕೌಂಟರಿನಲ್ಲಿ ಬೆರಳಚ್ಚು, ಫೋಟೋ ತೆಗೆದು ಸ್ಟ್ಯಾಂಪ್ ಹಾಕುತ್ತಾರೆ. ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ ಎಂದು ಕೇಳಬಹುದು. ನಿಮ್ಮ ವಿಳಾಸ, ಫೋನ್ ಬರೆದ ಒಂದು ಹಾಳೆ ಮತ್ತು ವಾಪಸ್ ಟಿಕೆಟ್ ಕೈಗೆ ಸಿಗುವಂತಿರಲಿ. ಹಾಕಿದ ಸ್ಟ್ಯಾಂಪಿನ ತಾರೀಖನ್ನು ಅಲ್ಲೇ ಓದಿಕೊಂಡು ಬರಲಿ. ಲಗೇಜಿನಲ್ಲಿ ಇ-ಸಿಗರೇಟ್ ತರಬಾರದು, ಇಲ್ಲಿ ನಿಷೇಧ. ಚಾರಣಿಗರು ಒಯ್ಯುವ ಸ್ಯಾಟಲೈಟ್ ಸಂದೇಶ ಯಂತ್ರವೂ ಅನುಮತಿಯಿಲ್ಲದೆ ಬೇಡ. ಗೋವಾ ವಿಮಾನ ನಿಲ್ದಾಣದಲ್ಲಿ ಇದಕ್ಕಾಗಿ ವಿದೇಶಿಯರ ಮೇಲೆ ಪೊಲೀಸ್ ಕೇಸ್ ಆಗಿದೆ.

ಮನೆಗೆ ಬಂದ ಮೇಲೆ: ಸಿ-ಫಾರಂ

ವಿದೇಶಿಯರನ್ನು ಇರಿಸಿಕೊಂಡವರು, ಹೋಟೆಲ್ ಆಗಲಿ ಸ್ವಂತ ಮನೆಯಾಗಲಿ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು ಹಳೆಯ ಕಾನೂನುಗಳು ಹೋದವು, ಆದರೆ ಈ ಹೊಣೆ ಹಾಗೇ ಉಳಿದಿದೆ. ಹೋಟೆಲಿನವರ, ಪೊಲೀಸರ ಬಾಯಲ್ಲಿ ಇದು ಈಗಲೂ ಸಿ-ಫಾರಂ.

ವಿದೇಶಿಯರ ನೋಂದಣಿ ಕಚೇರಿಯ ಸೈಟಿನಲ್ಲಿ ಮೊದಲು ನೀವು ಮನೆಯ ಯಜಮಾನರಾಗಿ ಖಾತೆ ತೆರೆಯಬೇಕು. ಖಾತೆಗೆ ಒಪ್ಪಿಗೆ ಸಿಗಲು ಸಮಯ ಹಿಡಿಯುತ್ತದೆ, ಅದಕ್ಕೇ ಟಿಕೆಟ್ ಆದ ಕೂಡಲೇ ಈ ಕೆಲಸ ಮುಗಿಸಿಡಿ. ವಿಮಾನ ಇಳಿದ ರಾತ್ರಿ ಶುರು ಮಾಡಿದರೆ 24 ಗಂಟೆ ಖಾತೆ ಕಾಯುವುದರಲ್ಲೇ ಮುಗಿಯುತ್ತದೆ. ತುಂಬುವಾಗ ಬೇಕಾಗುವುದು ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ಎರಡರ ಅವಧಿ, ಭಾರತಕ್ಕೆ ಬಂದ ದಿನ, ನಿಮ್ಮ ಮನೆಗೆ ಬಂದ ದಿನ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಅವರ ಸ್ವದೇಶದ ವಿಳಾಸ, ಫೋಟೋ. ಸಲ್ಲಿಸಿ ಪ್ರಿಂಟ್ ಇಟ್ಟುಕೊಳ್ಳಿ. ಸೊಸೈಟಿ ಸೆಕ್ರೆಟರಿ ಪ್ರಶ್ನೆ ಎತ್ತಿದಾಗ ಆ ಹಾಳೆ ವಾದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿಡಿ. ಗೋವಾದಲ್ಲಿ ವಿದೇಶಿ ಬಾಡಿಗೆದಾರರು ಹೆಚ್ಚು, ಅಲ್ಲಿನ ಮಾಲೀಕರಿಗೆ ಇದು ಹೊಸದೇನಲ್ಲ. ಠಾಣೆ, ಡೊಂಬಿವಲಿಯ ಹಳೆಯ ಸೊಸೈಟಿಗಳಲ್ಲಿ ವಿವರಿಸಬೇಕಾದೀತು.

ಅವರನ್ನು ಊರಿಗೆ ಕರೆದೊಯ್ದರೆ ಅಲ್ಲಿ ಮತ್ತೊಂದು ಫಾರಂ. ಕುಂದಾಪುರದ ಅಜ್ಜಿಮನೆಯಲ್ಲಿ ನಾಲ್ಕು ದಿನ ಇದ್ದರೂ ಲೆಕ್ಕದಲ್ಲಿ ಅಲ್ಲಿನ ಮನೆಯವರೇ ಸಲ್ಲಿಸಬೇಕು. ಹಿರಿಯರಿಗೆ ಆಗದಿದ್ದರೆ ಮಾವನ ಮಗನೋ ಯಾರಾದರೂ ಅವರ ಹೆಸರಲ್ಲಿ ಖಾತೆ ತೆರೆದುಕೊಡಲಿ.

ಹೋಟೆಲಿನಲ್ಲಿ ಈ ಕೆಲಸ ಹೋಟೆಲಿನವರದು. ಅದನ್ನು ಮಾಡಲೊಲ್ಲದ ಸಣ್ಣ ಲಾಡ್ಜ್‌ಗಳು ವಿದೇಶಿಯರನ್ನೇ ಸೇರಿಸುವುದಿಲ್ಲ. ಇನ್ನು ಕೆಲವು, ಅದೇ ಊರಿನ ವಿಳಾಸದ ಆಧಾರ್ ಇದ್ದವರಿಗೆ ಕೋಣೆ ಕೊಡುವುದಿಲ್ಲ. ಮದುವೆಯಾಗದ ಜೋಡಿ ಒಂದು ಕೋಣೆಯಲ್ಲಿ ಇರಬಾರದೆಂಬ ಕಾನೂನಿಲ್ಲ, ಅದು ಹೋಟೆಲಿನವರ ಸ್ವಂತ ನಿಯಮ. ಬುಕ್ ಮಾಡುವ ಮೊದಲು ಫೋನ್ ಮಾಡಿ ಇವೆಲ್ಲವನ್ನೂ ಕೇಳಿಬಿಡಿ.

ವೀಸಾದ ಷರತ್ತಿನಲ್ಲಿ ಕಂಟೋನ್ಮೆಂಟ್ ಪ್ರದೇಶಕ್ಕೆ ಇದು ಅನ್ವಯಿಸದು ಎಂದಿರುತ್ತದೆ. ಪುಣೆಯ ಕ್ಯಾಂಪ್, ಖಡಕಿ, ಬೆಳಗಾವಿಯ ಕ್ಯಾಂಪ್ ಇವೆಲ್ಲ ಕಂಟೋನ್ಮೆಂಟುಗಳೇ. ನಿಮ್ಮ ಮನೆ ಅಲ್ಲೇ ಇದ್ದರೆ ವಿಳಾಸ ಕೊಡುವ ಮುಂಚೆ ನೋಂದಣಿ ಕಚೇರಿಯಲ್ಲಿ ವಿಚಾರಿಸಿ.

ಇನ್ನಷ್ಟು ದಿನ ಬೇಕೆಂದರೆ

ಇ-ಟೂರಿಸ್ಟ್ ವೀಸಾ ಮುಂದುವರಿಸಲಾಗದು. ಇಲ್ಲೇ ಮದುವೆಯಾಗುವ ಯೋಚನೆಯಿದ್ದರೆ 30 ದಿನದ ವೀಸಾ ಸಾಲುವುದೇ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಅದಕ್ಕೂ ಮುಂಚೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಆ ಒಬ್ಬರು ನೀವೇ ಆಗಬಹುದು. ಗೋವಾದಲ್ಲಿ ವಿವಾಹ ನೋಂದಣಿಯ ಪದ್ಧತಿಯೇ ಬೇರೆ, ಅಲ್ಲಿನ ಸಿವಿಲ್ ರಿಜಿಸ್ಟ್ರಾರರನ್ನು ಕೇಳಿ. ಒಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್, ಬೇಕಿದ್ದರೆ ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು.

ಕೊನೆಯ ದಿನಕ್ಕೇ ವಾಪಸ್ ಟಿಕೆಟ್ ಹಾಕಬೇಡಿ. ಜುಲೈ ಮಳೆಗೆ ಮುಂಬೈ ವಿಮಾನ ರದ್ದಾದರೆ ಮರುದಿನ ಅವರು ಅವಧಿ ಮೀರಿ ಉಳಿದವರಾಗುತ್ತಾರೆ, ಇಮಿಗ್ರೇಷನ್ ಬಿಡುವುದಿಲ್ಲ. ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಸೈಟಿನಲ್ಲಿ ನಿರ್ಗಮನ ಅನುಮತಿಗೆ ಅರ್ಜಿ ಹಾಕಿ, ದಂಡವಿದ್ದರೆ ಕಟ್ಟಿ, ಒಪ್ಪಿಗೆ ಬಂದ ಮೇಲೆ ಹೊರಡಬೇಕು. ವಿಮಾನ ರದ್ದಾದ ಬಗ್ಗೆ ಕಂಪನಿಯಿಂದ ಬರಹದಲ್ಲಿ ಪಡೆದು ಅದನ್ನು ಅರ್ಜಿಯ ಜೊತೆ ಲಗತ್ತಿಸಿ.